ಚಾರ್ಜರ್‌ಗೆ ಕಣ್ಣಿಲ್ಲ: ಲೈಪೊ ಬ್ಯಾಟರಿ ಚಾರ್ಜ್ ಮಾಡುವ ಕ್ರಮ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಡ್ರೋನ್ ಬಿಡಿಭಾಗ ಮಾರುವ ಅಂಗಡಿಗೆ ಹೋಗಿ ಬ್ಯಾಟರಿ ಕೇಳಿದರೆ, ‘ಎಷ್ಟು ಎಸ್ ಸಾರ್? ಎಷ್ಟು ಎಂಎಎಚ್?’ ಎಂದು ಮರುಪ್ರಶ್ನೆ ಬರುತ್ತದೆ. ನೀವು ತಡವರಿಸಿದರೆ ಅಂಗಡಿಯವನೇ ಒಂದನ್ನು ಆರಿಸಿ, ಜೊತೆಗೊಂದು ಚಾರ್ಜರ್ ಇಟ್ಟು ಕೊಡುತ್ತಾನೆ. ಮನೆಗೆ ಬಂದು ಸ್ವಿಚ್ ಹಾಕಿದರೆ ಚಾರ್ಜರ್ ಕೂಡ ಹೆಚ್ಚುಕಡಿಮೆ ಅದೇ ಪ್ರಶ್ನೆ ಕೇಳುತ್ತದೆ. ಆದರೆ ಅಲ್ಲಿ ಆರಿಸಿಕೊಡಲು ಯಾರೂ ಇರುವುದಿಲ್ಲ.

ಮೊಬೈಲಿಗೆ ಚಾರ್ಜ್ ಹಾಕಿ ಮಲಗುವ ನಮಗೆ ಇದು ಹೊಸದು. ಮೊಬೈಲಿನೊಳಗೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ ಇರುತ್ತದೆ. ತುಂಬಿದೊಡನೆ ಅದು ತಾನೇ ನಿಲ್ಲಿಸುತ್ತದೆ. ಆಟದ ವಿಮಾನ, ಡ್ರೋನ್, ರಿಮೋಟ್ ಕಾರುಗಳ ಲೈಪೊ, ಅಂದರೆ ಲಿಥಿಯಂ ಪಾಲಿಮರ್ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಅಂಥ ಕಾವಲು ಇರುವುದಿಲ್ಲ. ತೂಕ ಉಳಿಸಲು ಗಟ್ಟಿ ಕವಚವನ್ನೂ ಬಿಟ್ಟಿರುತ್ತಾರೆ. ತೆಳು ಹಾಳೆಯ ಚೀಲ, ಎರಡು ದಪ್ಪ ತಂತಿ, ಒಂದು ಬಿಳಿ ಪ್ಲಗ್, ಅಷ್ಟೇ. ಚಾರ್ಜರ್ ನೀವು ಹೇಳಿದ್ದನ್ನು ನಂಬಿ ಕೆಲಸ ಮಾಡುತ್ತದೆ. ತಪ್ಪು ಹೇಳಿದರೆ ತಪ್ಪನ್ನೇ ಶ್ರದ್ಧೆಯಿಂದ ಮಾಡುತ್ತದೆ.

ಮೊದಲು ಚೀಟಿ ಓದಿ

ಪ್ಯಾಕ್ ಮೇಲೆ ‘2200 ಎಂಎಎಚ್, 3ಎಸ್, 11.1 ವೋಲ್ಟ್, 25ಸಿ’ ಎಂದಿದೆ ಎನ್ನಿ. ಎಂಎಎಚ್ (ಮಿಲಿಆಂಪಿಯರ್-ಗಂಟೆ) ಅಂದರೆ ಪ್ಯಾಕ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ; 2200 ಎಂಎಎಚ್ ಅಂದರೆ 2.2 ಆಂಪಿಯರ್-ಗಂಟೆ. 3ಎಸ್ ಅಂದರೆ ಮೂರು ಸೆಲ್‌ಗಳನ್ನು ಸಾಲಾಗಿ ಜೋಡಿಸಿದ್ದಾರೆ. ಒಂದು ಸೆಲ್‌ನ ಹೆಸರಿನ ವೋಲ್ಟೇಜ್ 3.7, ಪೂರ್ತಿ ತುಂಬಿದಾಗ 4.2. ಹಾಗಾಗಿ ಮೂರು ಸೆಲ್ ತುಂಬಿದರೆ 12.6 ವೋಲ್ಟ್. ಕೆಳಗಡೆ 3.0 ದಾಟಿ ಇಳಿಯಬಾರದು. ಈ ಮಿತಿಗಳು ಬಾಯಿಪಾಠವಾಗಲಿ.

ಹೆಚ್ಚಿನವರು ಎಡವುವುದು 25ಸಿ ಎಂಬಲ್ಲಿ. ಅದು ಪ್ಯಾಕ್ ಎಷ್ಟು ಜೋರಾಗಿ ಕರೆಂಟ್ ಕೊಡಬಲ್ಲದು ಎಂಬ ಲೆಕ್ಕ: 2.2 ಗುಣಿಸು 25, ಅಂದರೆ 55 ಆಂಪಿಯರ್. ತೆಗೆದುಕೊಳ್ಳುವ ಲೆಕ್ಕ ಬೇರೆ. ಚಾರ್ಜ್ ಮಾಡಲು 1ಸಿ, ಅಂದರೆ ಈ ಪ್ಯಾಕ್‌ಗೆ 2.2 ಆಂಪಿಯರ್. 1300 ಎಂಎಎಚ್ ಆದರೆ 1.3. ಕೆಲವು ಪ್ಯಾಕ್‌ಗಳ ಮೇಲೆ 5ಸಿ ವೇಗದಲ್ಲಿ ತುಂಬಬಹುದು ಎಂದು ಬರೆದಿರುತ್ತದೆ. ಇರಲಿ ಬಿಡಿ. ಒಂದು ಗಂಟೆ ಕಾಯಲಾಗದಷ್ಟು ಅವಸರ ಹವ್ಯಾಸದಲ್ಲಿ ಯಾಕೆ?

ಕೈಯಲ್ಲಿ ಹಿಡಿದು ನೋಡಿ

ಪ್ಯಾಕ್ ಉಬ್ಬಿದೆಯೇ? ಮೂಲೆ ಜಜ್ಜಿದೆಯೇ? ನೇಲ್ ಪಾಲಿಶ್‌ನಂಥ ಸಿಹಿ ವಾಸನೆ ಬರುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ಅದನ್ನು ಚಾರ್ಜರ್ ಹತ್ತಿರ ತರಬೇಡಿ. ಈಗಷ್ಟೇ ಹಾರಿಸಿ ಬಂದಿದ್ದರೆ ಪ್ಯಾಕ್ ಬೆಚ್ಚಗಿರುತ್ತದೆ. ಪೂರ್ತಿ ತಣ್ಣಗಾಗಲು ಬಿಡಿ. ಹಿಮ ಬೀಳುವ ಊರುಗಳಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂರುತ್ತದೆ, ಪ್ಯಾಕ್ ಕೆಡುತ್ತದೆ. ಕಾರಿನ ಡಿಕ್ಕಿಯಿಂದ ತಂದ ಪ್ಯಾಕ್ ಮೊದಲು ಮನೆಯ ಬಿಸಿಗೆ ಬರಲಿ.

ಆಮೇಲೆ ಬಿಳಿ ಪ್ಲಗ್‌ಗೆ ಸೆಲ್ ಚೆಕರ್ ಸಿಕ್ಕಿಸಿ. ಕಡಿಮೆ ಬೆಲೆಯ ಪುಟ್ಟ ಸಾಧನವಿದು. ಒಂದೊಂದು ಸೆಲ್‌ನ ವೋಲ್ಟೇಜ್ ಬೇರೆ ಬೇರೆ ತೋರಿಸುತ್ತದೆ. 3.82, 3.81, 3.58 ಎಂದು ಬಂತೆನ್ನಿ. ಒಟ್ಟು 11.21, ಒಟ್ಟು ಮಾತ್ರ ನೋಡುವವರಿಗೆ ಎಲ್ಲ ಸರಿಯಿದೆ ಎನಿಸುತ್ತದೆ. ಆದರೆ ಒಟ್ಟು 12.6 ಆಗುವವರೆಗೆ ಸುಮ್ಮನೆ ತುಂಬುತ್ತ ಹೋದರೆ ಎರಡು ಸೆಲ್‌ಗಳು 4.24ಕ್ಕೆ ಏರಿ ಮೂರನೆಯದು 4.12ರಲ್ಲೇ ನಿಲ್ಲಬಹುದು. ಲೆಕ್ಕ 12.60, ಸರಿಯಾಗಿಯೇ ಇದೆ. ಎರಡು ಸೆಲ್ ಮಾತ್ರ ಮಿತಿ ದಾಟಿವೆ. ಬಿಳಿ ಪ್ಲಗ್ ಇರುವುದು ಇದಕ್ಕಾಗಿಯೇ. ಅದನ್ನು ಚಾರ್ಜರ್‌ಗೆ ಸಿಕ್ಕಿಸಿ, ಸೆಲ್‌ಗಳನ್ನು ಸಮ ಮಾಡುವ ‘ಬ್ಯಾಲೆನ್ಸ್’ ಆಯ್ಕೆಯಲ್ಲೇ ಪ್ರತಿ ಸಲವೂ ತುಂಬಿ. ಯಾವುದಾದರೂ ಸೆಲ್ 3.0ಕ್ಕಿಂತ ಕೆಳಗಿದ್ದರೆ ಆ ಪ್ಯಾಕಿನ ಆಸೆ ಬಿಡಿ.

ಜಾಗ, ಜೋಡಣೆ

ಮಂಚ, ಸೋಫಾ, ಮರದ ಕಪಾಟು ಬೇಡ. ಕಡಪ ಕಲ್ಲು ಅಥವಾ ಟೈಲ್ಸ್ ನೆಲ, ಸುತ್ತ ಒಂದೆರಡು ಅಡಿ ಖಾಲಿ, ಪಕ್ಕದಲ್ಲಿ ಒಣ ಮರಳಿನ ಬಕೆಟ್. ಬಾಲ್ಕನಿಯಾದರೆ ಬಿಸಿಲು, ಮಳೆ ಎರಡೂ ತಾಗದಿರಲಿ. ಬೆಂಕಿ ತಡೆಯುವ ಚೀಲ ಸಿಗುತ್ತದೆ, ಕೊಳ್ಳಿ. ಆದರೆ ಅದೊಂದಿದೆ ಎಂದು ಬೇರೆ ಕೋಣೆಗೆ ಹೋಗಬೇಡಿ. ಗಾಳಿಯಾಡದ ಡಬ್ಬಿಯೊಳಗೆ ಇಟ್ಟು ಮುಚ್ಚುವುದಂತೂ ಬೇಡವೇ ಬೇಡ. ಒಳಗೆ ಹುಟ್ಟುವ ಅನಿಲಕ್ಕೆ ದಾರಿ ಬೇಕು.

ಜೋಡಿಸುವುದಕ್ಕೂ ಕ್ರಮವಿದೆ. ಮೊದಲು ಚಾರ್ಜರ್‌ಗೆ ವಿದ್ಯುತ್, ನಂತರ ಚಾರ್ಜ್ ತಂತಿಯ ಕೆಂಪು ಕಪ್ಪು ಪಿನ್‌ಗಳು ಚಾರ್ಜರ್‌ಗೆ, ಕೊನೆಗೆ ಬ್ಯಾಟರಿ. ಉಲ್ಟಾ ಮಾಡಿದರೆ, ಅಂದರೆ ಬ್ಯಾಟರಿಗೆ ತಂತಿ ಮೊದಲು ಸಿಕ್ಕಿಸಿದರೆ, ಆ ತುದಿಯ ಎರಡು ಪಿನ್‌ಗಳು ಬರಿದಾಗಿ ಜೋತಾಡುತ್ತಿರುತ್ತವೆ. ಅವು ಒಂದಕ್ಕೊಂದು ತಾಗಿದ ಕ್ಷಣ ಚಟ್ ಎಂದು ಕಿಡಿ. 55 ಆಂಪಿಯರ್ ಕೊಡಬಲ್ಲ ಪ್ಯಾಕ್ ಅದು, ನೆನಪಿರಲಿ. ಬಿಚ್ಚುವಾಗ ಮೊದಲು ಬ್ಯಾಟರಿ.

ಮೆನುವಿನಲ್ಲಿ ‘ಲೈಪೊ’ ಆರಿಸಿ. ಪಕ್ಕದಲ್ಲೇ ಎನ್ಐಎಂಎಚ್ ಎಂಬ ಆಯ್ಕೆ ಇರುತ್ತದೆ. ಅದು ಹಳೆಯ ರಿಮೋಟ್ ಕಾರುಗಳಲ್ಲಿದ್ದ 1.2 ವೋಲ್ಟ್ ಸೆಲ್‌ಗಳಿಗೆ. ಆ ಬ್ಯಾಟರಿ ತುಂಬಿದಾಗ ವೋಲ್ಟೇಜ್ ತುಸು ಕೆಳಗಿಳಿಯುತ್ತದೆ, ಆ ಇಳಿತ ಕಂಡು ಚಾರ್ಜರ್ ನಿಲ್ಲುತ್ತದೆ. ಲೈಪೊದಲ್ಲಿ ಆ ಇಳಿತ ಬರುವುದೇ ಇಲ್ಲ. ಬರುತ್ತದೆಂದು ಚಾರ್ಜರ್ ಕಾಯುತ್ತ ತುಂಬುತ್ತಲೇ ಇರುತ್ತದೆ, 4.2 ದಾಟಿದರೂ. ಒಂದು ಗುಂಡಿ ತಪ್ಪಿ ಒತ್ತಿದ್ದಕ್ಕೆ ಇಷ್ಟು ಬೆಲೆ.

ಐಮ್ಯಾಕ್ಸ್ ಬಿ6 ಮಾದರಿಯ ಚಾರ್ಜರ್‌ಗಳು ಶುರುಮಾಡುವ ಮೊದಲು ಎರಡು ಸಂಖ್ಯೆ ತೋರಿಸುತ್ತವೆ: ತಾನು ಕಂಡ ಸೆಲ್ ಎಷ್ಟು, ನೀವು ಹೇಳಿದ್ದು ಎಷ್ಟು. ಎರಡೂ 3 ಇದ್ದರೆ ಮಾತ್ರ ಮುಂದಕ್ಕೆ. ಇಲ್ಲಿ ಆ ಯಂತ್ರ ನಿಮ್ಮ ತಪ್ಪು ಹಿಡಿಯಲು ಯತ್ನಿಸುತ್ತದೆ. ಓದದೆ ಗುಂಡಿ ಒತ್ತಬೇಡಿ.

ಇನ್ನು ಹಾಲು ಕಾಯಿಸಿದ ಹಾಗೆ

ಚಾರ್ಜರ್ ಮೊದಲು 2.2 ಆಂಪಿಯರನ್ನು ಒಂದೇ ಸಮ ಹರಿಸುತ್ತದೆ. ಸೆಲ್‌ಗಳು 4.2ರ ಹತ್ತಿರ ಬಂದಾಗ ಕೊಡದ ಕಂಠಕ್ಕೆ ನೀರು ಬಂದಂತೆ ನಲ್ಲಿಯನ್ನು ಸಣ್ಣ ಮಾಡುತ್ತ ಹೋಗುತ್ತದೆ. ಕೊನೆಯ ಸ್ವಲ್ಪ ತುಂಬಲು ಹೊತ್ತು ಹಿಡಿಯುವುದು ಅದಕ್ಕೇ. ಆ ಹೊತ್ತಿನಲ್ಲೇ ನಾವು ಬೇಸತ್ತು ಎದ್ದು ಹೋಗುವುದು. ಒಲೆಯ ಮೇಲೆ ಹಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಗಾಗ ಕೈ ತಾಗಿಸಿ: 1ಸಿ ವೇಗದಲ್ಲಿ ಪ್ಯಾಕ್ ಬಿಸಿಯಾಗಬಾರದು. ಒಳಗೆ ಹೋದ ಎಂಎಎಚ್ ಪರದೆಯಲ್ಲಿ ಕಾಣುತ್ತದೆ. 2200ರ ಪ್ಯಾಕ್ 2400 ಕುಡಿದರೂ ತುಂಬಿಲ್ಲವೆಂದರೆ ನಿಲ್ಲಿಸಿ. ಉಬ್ಬಲು ಶುರುವಾದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಯಾಕನ್ನು ಕೈಯಲ್ಲಿ ಎತ್ತಬೇಡಿ. ದೂರದಿಂದ ಸಾಧ್ಯವಾದರೆ ಮರಳು ಸುರಿಯಿರಿ. ಹೊಗೆ ಬಂದರೆ ಅದು ವಿಷ. ಮನೆಯವರನ್ನು ಹೊರಗೆ ಕರೆದುಕೊಂಡು ಹೋಗಿ 112ಕ್ಕೆ ಕರೆ ಮಾಡಿ. ಬ್ಯಾಟರಿಯ ದುಡ್ಡಿನ ಯೋಚನೆ ಆಮೇಲೆ.

ತುಂಬಿಸಿಟ್ಟು ಮರೆಯಬೇಡಿ

ನಾನು ಕಳೆದುಕೊಂಡ ಮೂರು ಪ್ಯಾಕ್‌ಗಳಿಗೆ ಬೆಂಕಿ ತಾಗಿರಲಿಲ್ಲ, ನೆಲಕ್ಕೂ ಬಿದ್ದಿರಲಿಲ್ಲ. ಭಾನುವಾರ ಹಾರಿಸೋಣವೆಂದು ಶನಿವಾರ ರಾತ್ರಿ ಮೂರನ್ನೂ ತುಂಬಿಸಿಟ್ಟೆ. ಬೆಳಗ್ಗೆ ಮಳೆ. ಮುಂದಿನ ಭಾನುವಾರವೂ ಮಳೆ. ತಿಂಗಳ ನಂತರ ಕಪಾಟು ತೆರೆದರೆ ಮೂರೂ ಪೂರಿಯಂತೆ ಉಬ್ಬಿದ್ದವು. ಪೂರ್ತಿ ತುಂಬಿದ ಲೈಪೊ ಸುಮ್ಮನೆ ಕೂತರೂ ಒಳಗೇ ಹಾಳಾಗುತ್ತಿರುತ್ತದೆ. ಎರಡು ಮೂರು ದಿನದಲ್ಲಿ ಹಾರಿಸುವುದಿಲ್ಲವೆಂದಾದರೆ ಚಾರ್ಜರಿನ ‘ಸ್ಟೋರೇಜ್’ ಆಯ್ಕೆಯಿಂದ ಸೆಲ್‌ಗೆ 3.80ರಿಂದ 3.85ಕ್ಕೆ ತನ್ನಿ, ತಂಪು ಜಾಗದಲ್ಲಿಡಿ.

ಉಬ್ಬಿದ್ದನ್ನು ಸೂಜಿ ಚುಚ್ಚಿ ಸರಿಮಾಡುವ ಸಾಹಸ ಬೇಡ. ಒಣ ಕಸದ ಚೀಲಕ್ಕೂ ಹಾಕಬೇಡಿ. ಕಸ ಒತ್ತುವ ಲಾರಿಯೊಳಗೆ ಅದು ಹೊತ್ತಿಕೊಂಡರೆ ಪೌರಕಾರ್ಮಿಕರ ಗತಿಯೇನು? ಹೊರಗೆ ಮರಳಿನ ಮೇಲಿಟ್ಟು, ಕಾರಿನ 12 ವೋಲ್ಟ್ ಬಲ್ಬೊಂದನ್ನು ಜೋಡಿಸಿ, ಅದು ಪೂರ್ತಿ ಆರುವವರೆಗೆ ಬಿಡಿ. ಉಪ್ಪುನೀರಿನಲ್ಲಿ ಮುಳುಗಿಸಿ ಎನ್ನುವವರಿದ್ದಾರೆ. ಅದರಿಂದ ಹೊರಗಿನ ಲೋಹ ಮೊದಲು ತುಕ್ಕು ಹಿಡಿದು, ಒಳಗೆ ಚಾರ್ಜ್ ಹಾಗೇ ಉಳಿಯಬಹುದು. ಬಲ್ಬೇ ವಾಸಿ, ಆರಿದ್ದು ಕಣ್ಣಿಗೆ ಕಾಣುತ್ತದೆ. ಮರುದಿನ ವೋಲ್ಟೇಜ್ ನೋಡಿ, ಸೊನ್ನೆಯ ಹತ್ತಿರ ಇದ್ದರೆ ತಂತಿ ಕತ್ತರಿಸಿ, ಒಂದೊಂದನ್ನೇ, ಎರಡನ್ನೂ ಒಟ್ಟಿಗೆ ಕತ್ತರಿಯ ಬಾಯಿಗೆ ಕೊಡದೆ. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.