ಕರಿ ಎಳ್ಳು, ಬಿಳಿ ಎಳ್ಳು: ಸಂಕರಣದ ತಾಕಿನಲ್ಲಿ ನನ್ನ ಅನುಭವ

ಎಳ್ಳಿನ ತಳಿ ಅಭಿವೃದ್ಧಿಯಲ್ಲಿ ನಾನು ಮಾಡಿದ ಸಂಕರಣಗಳ ಪೈಕಿ, ಬಿಳಿ ಎಳ್ಳಿನ ತಾಯಿಗಿಡಕ್ಕೆ ಕರಿ ಎಳ್ಳಿನ ಪರಾಗ ಕೊಟ್ಟ ಸಂಕರಣವೇ ನನಗೆ ಹೆಚ್ಚು ಕಲಿಸಿತು. ಕರಿ ಎಳ್ಳಿನ ಗಿಡದಲ್ಲಿದ್ದ ಕವಲೊಡೆಯುವ ಗುಣವನ್ನು ಬಿಳಿ ಬೀಜದ ತಳಿಗೆ ತರುವುದು ಉದ್ದೇಶವಾಗಿತ್ತು. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೂ ಮಿಠಾಯಿಗೂ ಬಿಳಿಯದನ್ನೇ ಕೇಳುವವರು ಕಂದು ಬೆರೆತ ರಾಶಿಯನ್ನು ಒಪ್ಪುವುದಿಲ್ಲವಾದ್ದರಿಂದ, ಬಣ್ಣ ಹೇಗೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆಂಬುದನ್ನು ಮೊದಲು ತಿಳಿಯಬೇಕಿತ್ತು.

ಎಳ್ಳಿನ ಹೂವು ಈ ಕೆಲಸಕ್ಕೆ ಅನುಕೂಲವಾಗಿದೆ. ಮರುದಿನ ಬೆಳಿಗ್ಗೆ ಅರಳಲಿರುವ ಮೊಗ್ಗನ್ನು ಸಂಜೆ ಗುರುತಿಸಿ, ಅದರ ದಳಪುಂಜವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ, ದಳಕ್ಕೇ ಅಂಟಿಕೊಂಡಿರುವ, ಪರಾಗ ಹೊರುವ ನಾಲ್ಕು ಕೇಸರಗಳೂ ಅದರ ಜೊತೆಗೇ ಕಳಚಿ ಬರುತ್ತವೆ. ಉಳಿಯುವುದು ಪರಾಗ ಸ್ವೀಕರಿಸುವ ಹೆಣ್ಣುಭಾಗವಾದ ಶಲಾಕೆ ಮಾತ್ರ. ಅದರ ಮೇಲೆ, ಒಂದು ತುದಿ ಮಡಚಿದ ಸ್ಟ್ರಾ ತುಂಡೊಂದನ್ನು ಕವಚದಂತೆ ಇಟ್ಟು, ಬೆಳಿಗ್ಗೆ ಅದನ್ನು ತೆಗೆದು ಕರಿ ಎಳ್ಳಿನ ಪರಾಗವನ್ನು ಸವರಿ, ಮತ್ತೆ ಮುಚ್ಚಿ, ತೊಟ್ಟಿಗೆ ಬಣ್ಣದ ದಾರ ಕಟ್ಟುತ್ತಿದ್ದೆ.

ಆ ಕಾಯಿಗಳಲ್ಲಿ ಸಿಕ್ಕಿದ್ದು ಬಿಳಿ ಬೀಜವೇ. ಬೀಜದ ಸಿಪ್ಪೆ ತಾಯಿಗಿಡದ ಅಂಡಕದ (ಮುಂದೆ ಬೀಜವಾಗುವ ಭಾಗದ) ಹೊದಿಕೆಯಿಂದ ಬೆಳೆಯುವ ಅಂಗಾಂಶ. ಒಳಗಿನ ಭ್ರೂಣ ಸಂಕರವಾಗಿದ್ದರೂ ಹೊರಗಿನ ಬಣ್ಣ ತಾಯಿಯದೇ. ಸಂಕರದ ಮೊದಲ ಪೀಳಿಗೆಯ ಬಣ್ಣ ಕಾಣುವುದು ಆ ಬೀಜ ಬಿತ್ತಿ ಬೆಳೆದ ಗಿಡದ ಬೀಜದಲ್ಲಿ. ನನ್ನ ಸಂಕರಣದಲ್ಲಿ ಅದು ಕಂದಾಗಿತ್ತು, ಒಂದೇ ಗಿಡದ ಎಲ್ಲಾ ಬೀಜಗಳಲ್ಲೂ ಒಂದೇ ಕಂದು. ಆದ್ದರಿಂದ ಎರಡನೇ ಪೀಳಿಗೆಯ ಬಣ್ಣವನ್ನು ಬೀಜ ಬೀಜವಾಗಿ ಎಣಿಸಲಾಗದು. ಪ್ರತಿ ಗಿಡವನ್ನೂ ಬೇರೆಯಾಗಿ ಕೊಯ್ದು, ಗಿಡಕ್ಕೊಂದು ಲೆಕ್ಕ ಬರೆಯಬೇಕು. ತಳಿವಿಜ್ಞಾನದ ಪಿತಾಮಹ ಮೆಂಡೆಲ್ ಬಟಾಣಿಯಲ್ಲಿ ಸಿಪ್ಪೆಯ ಬಣ್ಣವನ್ನೂ ಬೇಳೆಯ ಬಣ್ಣವನ್ನೂ ಬೇರೆಬೇರೆ ಲಕ್ಷಣಗಳಾಗಿ ಪರಿಗಣಿಸಿದ್ದರ ಮಹತ್ವ ನನಗೆ ಇಲ್ಲಿ ಅರ್ಥವಾಯಿತು.

ಕಂದು ಬೀಜದ ಸಾಸಿವೆಯನ್ನು ಹಳದಿ ಬೀಜದ ಸಾಸಿವೆಯೊಂದಿಗೆ ಸಂಕರಿಸಿದಾಗ, ಒಂದೇ ಕೆಲಸ ಮಾಡುವ ಎರಡು ಜೀನ್‌ಗಳ ಕಾರಣ ಎರಡನೇ ಪೀಳಿಗೆಯಲ್ಲಿ 15 ಕಂದು ಗಿಡಗಳಿಗೆ 1 ಹಳದಿ ಗಿಡ ಬರುವ ಅನುಪಾತ ಪ್ರಸಿದ್ಧ. ನನ್ನ ಎಳ್ಳಿನ ತಾಕಿನಲ್ಲಿ ಅಂಥ ಸ್ಪಷ್ಟ ಗೆರೆ ಕಾಣಲಿಲ್ಲ: ಬಿಳಿ, ಕೆನೆ, ತಿಳಿಗಂದು, ಕಡುಗಂದು, ಕಪ್ಪು ಒಂದಕ್ಕೊಂದು ಬೆರೆತು ಸಾಗುತ್ತಿದ್ದವು. ಚೀನಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ಎಳ್ಳಿನಲ್ಲಿ ಎರಡು ಪ್ರಮುಖ ಜೀನ್‌ಗಳ ಜೊತೆಗೆ ಸಣ್ಣ ಪ್ರಭಾವದ ಅನೇಕ ಜೀನ್‌ಗಳಿವೆ ಎಂದಿದೆ. ಹೀಗಾಗಿ ಕಣ್ಣಳತೆಯನ್ನು ನಂಬದೆ, 0 ಎಂದರೆ ಕಪ್ಪು, 100 ಎಂದರೆ ಬಿಳಿ ಎಂದು ತೋರಿಸುವ ಬಣ್ಣಮಾಪಕದ ಅಂಕೆಯನ್ನೇ ದಾಖಲಿಸಿದೆ.

ಅಂಕೆ ಸರಿಯಿರಬೇಕಾದರೆ ಬೀಜದ ಆಯ್ಕೆಯೂ ಸರಿಯಿರಬೇಕು. ಎಳ್ಳಿನ ಕಾಯಿಗಳು ಕೆಳಗಿನಿಂದ ಮೇಲಕ್ಕೆ ಬಲಿಯುತ್ತವೆ, ಕಪ್ಪು ಬಣ್ಣವೋ ಬೀಜ ಬಲಿಯುವ ಕೊನೆಯ ಹಂತದಲ್ಲಿ ತುಂಬಿಕೊಳ್ಳುತ್ತದೆ. ತುದಿಯ ಎಳೆಕಾಯಿಯ ಬೀಜ ಕರಿ ಗಿಡದಲ್ಲೂ ಪೇಲವವಾಗಿಯೇ ಇರುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಬಿಳಿ ಬೀಜ ಮಾಸುತ್ತದೆ. ನಾನು ಪ್ರತಿ ಗಿಡದ ನಡುಭಾಗದ ಬಲಿತ ಕಾಯಿಗಳನ್ನೇ ತೆಗೆದು, ನೆರಳಲ್ಲಿ ಒಣಗಿಸಿ, ಒಂದೇ ಹಂಗಾಮಿನ ಬೀಜಗಳನ್ನು ಮಾತ್ರ ಪರಸ್ಪರ ಹೋಲಿಸುತ್ತಿದ್ದೆ.

ಆಯ್ದ ಬಿಳಿ ಗಿಡಗಳ ಬೀಜವನ್ನು ಮುಂದಿನ ಹಂಗಾಮಿನಲ್ಲಿ ಗಿಡಕ್ಕೊಂದು ಸಾಲಿನಂತೆ ಬಿತ್ತಿದಾಗ ಹೆಚ್ಚಿನವು ಬಿಳಿಯಾಗಿಯೇ ಉಳಿದವು. ಕೆನೆಬಣ್ಣದ ಗಿಡಗಳ ಸಾಲುಗಳಲ್ಲಿ ಮಾತ್ರ ಕಂದು ಮತ್ತೆ ತಲೆಯೆತ್ತಿತು. ಕವಲು ಚೆನ್ನಾಗಿದ್ದ ಬಿಳಿ ಸಾಲುಗಳನ್ನಷ್ಟೇ ಉಳಿಸಿಕೊಂಡು, ಸ್ವಪರಾಗಕ್ಕಾಗಿ ಅವುಗಳ ಹೂವಿಗೆ ಚೀಲ ಕಟ್ಟಿದೆ.