ಹುಟ್ಟಿನದೋ, ರೂಢಿಯದೋ: ಹೆಣ್ಣು–ಗಂಡಿನ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚೆಗೆ ತರುವ ಬಗೆ

ಗಂಗಾವತಿ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನಾನು, ಹೆಣ್ತನ–ಗಂಡಸುತನಗಳು ಹುಟ್ಟಿನಿಂದ ಬರುತ್ತವೆಯೋ ಸಮಾಜ ಕಟ್ಟಿಕೊಟ್ಟವೋ ಎಂಬ ಚರ್ಚೆಯನ್ನು ಮೊದಲ ಸಲ ನಡೆಸಿದಾಗ ಒಂದು ದೊಡ್ಡ ತಪ್ಪು ಮಾಡಿದ್ದೆ. ಚರ್ಚಾಸ್ಪರ್ಧೆಯ ವಾಡಿಕೆಯಂತೆ ಪರ–ವಿರೋಧವೆಂದು ಎರಡು ತಂಡ ಮಾಡಿಬಿಟ್ಟೆ. ಹುಡುಗರು ಪ್ರಕೃತಿಯ ಪರ ನಿಂತರು, ಹುಡುಗಿಯರು ಸಮಾಜದ ಪರ ನಿಂತರು. ಅರ್ಧ ಗಂಟೆಯೊಳಗೆ ಮಾತು ಒಬ್ಬರನ್ನೊಬ್ಬರು ಹಂಗಿಸುವ ಮಟ್ಟಕ್ಕೆ ಇಳಿಯಿತು. ಯಾವ ಕಡೆಗೂ ಹೋಗದೆ ಹಿಂದಿನ ಬೆಂಚಿನಲ್ಲೇ ಉಳಿದ ಒಬ್ಬ ವಿದ್ಯಾರ್ಥಿ, ತಗ್ಗಿಸಿದ ತಲೆಯನ್ನು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ. ಅಂದಿನಿಂದ ನಾನು ಈ ವಿಷಯವನ್ನು ಸ್ಪರ್ಧೆಯಾಗಿ ನಡೆಸಿಲ್ಲ. ಆಮೇಲಿನ ವರ್ಷಗಳಲ್ಲಿ ನಡೆಸುತ್ತ ನಡೆಸುತ್ತ ಕಲಿತದ್ದನ್ನು, ಇದೇ ಪ್ರಶ್ನೆಯನ್ನು ಮಕ್ಕಳ ಮುಂದಿಡಬೇಕೆಂದಿರುವ ಶಿಕ್ಷಕರಿಗೆ ಅನುಕೂಲವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು, ಆ ಪ್ರಶ್ನೆಯನ್ನು ಇಡಿಯಾಗಿ ಕೇಳದಿರುವುದು. ‘ಹೆಣ್ತನ’ ಎಂಬ ಒಂದೇ ಮಾತಿನೊಳಗೆ ಗರ್ಭಕೋಶವೂ ಇದೆ, ಕೈಬಳೆಯೂ ಇದೆ, ಎಲ್ಲರೂ ಉಂಡ ಮೇಲೆ ಉಣ್ಣುವುದೂ ಇದೆ. ಇವು ಮೂರಕ್ಕೂ ಒಂದೇ ಕಾರಣ ಇರಲು ಸಾಧ್ಯವಿಲ್ಲ. ಆದ್ದರಿಂದ ಒಂದೊಂದನ್ನೂ ಬಿಡಿಬಿಡಿಯಾಗಿ ಎತ್ತಿಕೊಂಡು, ಇದಕ್ಕೆ ಕಾರಣವೇನು ಎಂದು ಬೇರೆ ಬೇರೆಯಾಗಿ ಕೇಳಬೇಕು.

ಮಾತುಗಳನ್ನು ಸರಿಪಡಿಸಿಕೊಳ್ಳುವುದು

ಕನ್ನಡದಲ್ಲಿ ದೇಹದ ಗುರುತಿಗೂ ಸಮಾಜದ ಗುರುತಿಗೂ ‘ಲಿಂಗ’ ಎಂಬ ಒಂದೇ ಪದವನ್ನು ಬಳಸುತ್ತ ಬಂದಿದ್ದೇವೆ. ವ್ಯಾಕರಣಕ್ಕೂ ಅದೇ ಪದ. ಚರ್ಚೆ ದಾರಿ ತಪ್ಪುವುದು ಬಹಳ ಸಲ ಇಲ್ಲಿಯೇ. ನಾನು ಕರಿಹಲಗೆಯ ಮೇಲೆ ಮೂರು ಕಾಲಂ ಎಳೆದು ‘ದೇಹ’, ‘ತನ್ನರಿವು’, ‘ವಾಡಿಕೆ’ ಎಂದು ಬರೆಯುತ್ತೇನೆ. ಮೊದಲನೆಯದು ಜೈವಿಕ ಲಿಂಗ. ಎರಡನೆಯದು, ತಾನು ಹೆಣ್ಣೋ ಗಂಡೋ ಎಂದು ಒಬ್ಬರಿಗೆ ತಮ್ಮೊಳಗೆ ಅನಿಸುವುದು. ಮೂರನೆಯದು, ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಎಂದು ಊರು ಇಟ್ಟುಕೊಂಡ ಕಟ್ಟಳೆ. ಇತ್ತೀಚೆಗೆ ಬಳಕೆಗೆ ಬಂದಿರುವ ‘ಲಿಂಗತ್ವ’ ಎಂಬ ಪದವು ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಹೊರುವುದರಿಂದ, ಮಕ್ಕಳಿಗೆ ಮೊದಲು ಈ ಮೂರು ಕಾಲಂಗಳು ರೂಢಿಯಾಗಲಿ, ಆ ಪದ ಆಮೇಲೆ ಬರಲಿ ಎಂಬುದು ನನ್ನ ಅನುಭವ.

ವ್ಯಾಕರಣವನ್ನು ಸಾಕ್ಷಿಗೆ ಕರೆಯುವ ವಿದ್ಯಾರ್ಥಿ ಪ್ರತಿ ವರ್ಷವೂ ಒಬ್ಬರಾದರೂ ಇರುತ್ತಾರೆ. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ ‘ದಾರ’ ಪುಲ್ಲಿಂಗ, ಅದೇ ಅರ್ಥದ ‘ಕಳತ್ರ’ ನಪುಂಸಕಲಿಂಗ. ನಮ್ಮ ಮನೆಗಳಲ್ಲಿ ತೊಟ್ಟಿಲ ಕೂಸು ಗಂಡಾದರೂ ಹೆಣ್ಣಾದರೂ ‘ಅಳತೈತಿ’ ಎಂದೇ ಹೇಳುತ್ತೇವೆ. ಇದರಿಂದ ಭಾಷೆಯ ಲಿಂಗವು ದೇಹದ ಲಿಂಗವನ್ನು ಯಾವಾಗಲೂ ಅನುಸರಿಸುವುದಿಲ್ಲ ಎಂದಷ್ಟೇ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಹಿಂಡಲು ಹೋಗಬಾರದು.

ದೇಹದ ಕಾಲಂ

ಇಲ್ಲಿ ಶಿಕ್ಷಕರು ಸಂಕೋಚ ಬಿಟ್ಟು, ತಿಳಿದಿರುವುದನ್ನು ತಿಳಿದಷ್ಟು ಖಚಿತವಾಗಿ ಹೇಳಬೇಕು. ಮನುಷ್ಯನ 23 ಜೋಡಿ ವರ್ಣತಂತುಗಳಲ್ಲಿ ಒಂದು ಜೋಡಿ ಲಿಂಗವನ್ನು ನಿರ್ಧರಿಸುತ್ತದೆ. ಗರ್ಭದ ಮೊದಲ ಆರು ವಾರಗಳವರೆಗೆ ಭ್ರೂಣದ ಜನನಗ್ರಂಥಿ ಎರಡೂ ದಿಕ್ಕಿಗೆ ಬೆಳೆಯಬಲ್ಲ ಸ್ಥಿತಿಯಲ್ಲಿರುತ್ತದೆ. ವೈ ವರ್ಣತಂತುವಿನ ಮೇಲಿನ ಎಸ್‌ಆರ್‌ವೈ ಎಂಬ ಜೀನು ಕೆಲಸ ಆರಂಭಿಸಿದರೆ ಅದು ವೃಷಣವಾಗುತ್ತದೆ, ಇಲ್ಲವಾದರೆ ಸಾಮಾನ್ಯವಾಗಿ ಅಂಡಾಶಯವಾಗುತ್ತದೆ. ಆ ಜೀನನ್ನು ಗುರುತಿಸಿದ್ದು 1990ರಲ್ಲಿ. ವೈ ವರ್ಣತಂತು ಬರುವುದು ತಂದೆಯಿಂದ ಮಾತ್ರ. ಈ ವಾಕ್ಯವನ್ನು ಎರಡು ಸಲ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ಹೆಣ್ಣು ಹೆತ್ತಳೆಂದು ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳಿಂದ ಬಂದ ಮಕ್ಕಳು ನಿಮ್ಮ ಮುಂದೆ ಕೂತಿರುತ್ತಾರೆ.

ವಯಸ್ಕ ಗಂಡಸರ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಪ್ರಮಾಣ ಹೆಂಗಸರಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಸರಾಸರಿ ಎತ್ತರದಲ್ಲಿಯೂ ಕೈಹಿಡಿತದ ಬಲದಲ್ಲಿಯೂ ವ್ಯತ್ಯಾಸವಿದೆ. ‘ಸರಾಸರಿ’ ಎಂದರೇನೆಂದು ಬಿಡಿಸಿ ತೋರಿಸಲು, ಸಿಂಗಾರಿಸಿದ ಅಂಕಿಅಂಶಗಳ ಬದಲು ತರಗತಿಯ ಮಕ್ಕಳನ್ನೇ ಎತ್ತರದ ಸಾಲಿನಲ್ಲಿ ನಿಲ್ಲಿಸಬಹುದು. ಎತ್ತರದ ಕೊನೆಯಲ್ಲಿ ಹುಡುಗರೇ ಹೆಚ್ಚಿರುತ್ತಾರೆ, ಆದರೆ ಸಾಲಿನ ನಡುವೆ ಹುಡುಗ–ಹುಡುಗಿಯರು ಬೆರೆತಿರುತ್ತಾರೆ. ಗುಂಪಿನ ಬಗ್ಗೆ ನಿಜವಾದ ಮಾತು ಗುಂಪಿನ ಪ್ರತಿಯೊಬ್ಬರ ಬಗ್ಗೆಯೂ ನಿಜವಾಗಬೇಕಾಗಿಲ್ಲವೆಂಬುದು ಆಗ ಅವರ ಕಣ್ಣಿಗೇ ಕಾಣುತ್ತದೆ.

ದೇಹದ ಕಾಲಂ ಕೂಡ ಎರಡೇ ಖಾನೆಗಳಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಎಕ್ಸ್‌ವೈ ವರ್ಣತಂತುಗಳಿದ್ದರೂ ದೇಹದ ಕೋಶಗಳು ಗಂಡು ಲಕ್ಷಣ ಬೆಳೆಸುವ ಆಂಡ್ರೋಜನ್ ಹಾರ್ಮೋನಿಗೆ ಓಗೊಡದ ಕಾರಣ ಹೊರರೂಪದಲ್ಲಿ ಹೆಣ್ಣಾಗಿಯೇ ಬೆಳೆಯುವವರು ಇದ್ದಾರೆ. ಇಂಥವರ ಸಂಖ್ಯೆ ಚಿಕ್ಕದು. ಆದರೆ ಅವರಿಗೆ ಆಗುವ ಪೆಟ್ಟು ಚಿಕ್ಕದಲ್ಲ. ತಮಿಳುನಾಡಿನ ಓಟಗಾರ್ತಿ ಶಾಂತಿ ಸೌಂದರರಾಜನ್ ಅವರು 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಗೆದ್ದ ಬೆಳ್ಳಿ ಪದಕವನ್ನು ಲಿಂಗಪರೀಕ್ಷೆಯ ನಂತರ ಕಸಿದುಕೊಳ್ಳಲಾಯಿತು. ಕ್ರೀಡೆಯಲ್ಲಿ ಹೆಂಗಸರಿಗೆ ಪ್ರತ್ಯೇಕ ವಿಭಾಗ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ, ಏಕೆಂದರೆ ಬಲದ ವ್ಯತ್ಯಾಸ ನಿಜ. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಮಾತ್ರ ಮನುಷ್ಯರು ಕೂತು ತೀರ್ಮಾನಿಸುವ ವಿಷಯ.

ವಾಡಿಕೆಯ ಕಾಲಂ: ಹತ್ತಿ ಹೂವಿನ ಪಾಠ

ಈ ಕಾಲಂಗೆ ಉದಾಹರಣೆಗಳನ್ನು ಹೊರಗಿನಿಂದ ತರಬೇಡಿ, ಮಕ್ಕಳ ಹೊಲಗಳಿಂದಲೇ ತನ್ನಿ. ಕೊಪ್ಪಳ ಜಿಲ್ಲೆಯಲ್ಲಿ ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆ ನಡೆಯುವ ಹೊಲಗಳಲ್ಲಿ ‘ಕ್ರಾಸಿಂಗ್’ ಕೆಲಸವನ್ನು ಮಾಡಿದವರು ನನ್ನ ತರಗತಿಯಲ್ಲಿ ಯಾವಾಗಲೂ ಇರುತ್ತಾರೆ. ಹತ್ತಿಯ ಹೂವಿನಲ್ಲಿ ಗಂಡು ಭಾಗವೂ ಹೆಣ್ಣು ಭಾಗವೂ ಒಟ್ಟಿಗೇ ಇರುತ್ತವೆ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆ ಹೊತ್ತಿಗೆ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಪರಾಗಕೋಶಗಳನ್ನೂ ಸುತ್ತ ಬಿಡಿಸಿ, ನಡುವಿನ ಹೆಣ್ಣು ಭಾಗವಾದ ಶಲಾಕೆಗೆ ಗಾಯವಾಗದಂತೆ ಉಳಿಸಬೇಕು; ಬೆಳಿಗ್ಗೆ ಬೇರೆ ತಳಿಯ ಹೂವನ್ನು ತಂದು ಅದರ ಪರಾಗವನ್ನು ಶಲಾಕೆಯ ತುದಿಗೆ ಸವರಬೇಕು. ಈ ಕೆಲಸಕ್ಕೆ ಹುಡುಗಿಯರನ್ನೇ ಏಕೆ ಕರೆಯುತ್ತಾರೆಂದು ನಾನು ಕೇಳಿದರೆ, ‘ಹೆಣ್ಮಕ್ಕಳ ಬೆರಳು ಸಣ್ಣವ್ರೀ ಸರ್, ಅದಕ್ಕ ಅವರಿಗೇ ಛಲೋ ಬರ್ತೈತಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರವನ್ನು ತಳ್ಳಿಹಾಕಬೇಡಿ, ಪರೀಕ್ಷೆಗೆ ಒಡ್ಡಿ. ಹೆಂಗಸರ ಬೆರಳು ಸರಾಸರಿ ಚಿಕ್ಕವು ಎಂಬುದು ನಿಜವೇ. ಹಾಗಾದರೆ ಅದಕ್ಕಿಂತ ಸೂಕ್ಷ್ಮವಾದ ಕುಸುರಿ ಮಾಡುವ ಅಕ್ಕಸಾಲಿಗರು, ಗಡಿಯಾರ ರಿಪೇರಿ ಮಾಡುವವರು ನಮ್ಮ ಊರುಗಳಲ್ಲಿ ಬಹುಪಾಲು ಗಂಡಸರೇ ಆಗಿರುವುದು ಹೇಗೆ? ಸಣ್ಣ ಬೆರಳು ವಿಶೇಷ ಕೌಶಲವಾಗಿದ್ದರೆ ಅದಕ್ಕೆ ಹೆಚ್ಚು ಕೂಲಿ ಸಿಗಬೇಕಿತ್ತಲ್ಲ, ಕಡಿಮೆ ಕೂಲಿಗೆ ದುಡಿಯುವವರನ್ನೇ ಹುಡುಕುವುದೇಕೆ? ಒಂದು ವರ್ಷ ಈ ಎರಡನೆಯ ಪ್ರಶ್ನೆಗೆ ಕುಷ್ಟಗಿ ಕಡೆಯ ಒಬ್ಬ ಹುಡುಗಿ ಎದ್ದು ನಿಂತು, ತಾನು ಮೂರು ಹಂಗಾಮು ಮಾಡಿದ ಕೆಲಸದ ಲೆಕ್ಕವನ್ನು ದಿನಗೂಲಿಯ ಸಮೇತ ಹಲಗೆಯ ಮೇಲೆ ಬರೆದಳು. ದೇಹದ ಒಂದು ಸಣ್ಣ ಸತ್ಯದ ಮೇಲೆ ವಾಡಿಕೆ ಎಷ್ಟು ದೊಡ್ಡ ಕಟ್ಟಡ ಕಟ್ಟುತ್ತದೆ ಎಂಬುದನ್ನು ಆ ಲೆಕ್ಕ ತೋರಿಸಿದಷ್ಟು ಚೆನ್ನಾಗಿ ನನ್ನ ಯಾವ ಪಾಠವೂ ತೋರಿಸಿರಲಿಲ್ಲ.

ಇತಿಹಾಸವೂ ನಮ್ಮ ಹತ್ತಿರದಲ್ಲೇ ಇದೆ. ಅಚ್ಯುತರಾಯನ ಕಾಲದಲ್ಲಿ ವಿಜಯನಗರದ ವಿಷಯ ಬರೆದಿಟ್ಟ ಪೋರ್ಚುಗೀಸ್ ವ್ಯಾಪಾರಿ ನುನಿಜ್, ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರನ್ನೂ, ಅರಮನೆಯೊಳಗಿನ ಖರ್ಚಿನ ಲೆಕ್ಕವನ್ನೆಲ್ಲ ಬರೆಯುವ ಹೆಂಗಸರನ್ನೂ ಹೆಸರಿಸಿದ್ದಾನೆ. ಕುಸ್ತಿಯೂ ಲೆಕ್ಕಪತ್ರವೂ ಗಂಡಸಿನ ಹುಟ್ಟುಗುಣ ಎನ್ನುವವರು ಹೊಳೆ ದಾಟಿ ಹಂಪಿಯ ಕಡೆಗೊಮ್ಮೆ ನೋಡಬೇಕು. ಅರಮನೆಯ ಕೆಲವರ ಬದುಕು ಆ ಕಾಲದ ಎಲ್ಲ ಹೆಂಗಸರ ಬದುಕಾಗಿತ್ತೆಂದು ಮಾತ್ರ ಹಿಗ್ಗಿಸಿ ಹೇಳಬಾರದು.

ಎರಡೂ ಬೆರೆತಿರುವಲ್ಲಿ

ರಕ್ತಹೀನತೆಯ ಉದಾಹರಣೆಗೆ ನಾನು ಪೂರ್ತಿ ಒಂದು ತರಗತಿಯನ್ನೇ ಮೀಸಲಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಒಂದು ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಿಗೆ 13 ಗ್ರಾಂಗಿಂತ, ಗರ್ಭಿಣಿಯರಲ್ಲದ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಅಳತೆಯೇ ಬೇರೆಯಾಗಿರಲು ಕಾರಣ ದೇಹ: ಟೆಸ್ಟೋಸ್ಟಿರಾನ್ ಕೆಂಪು ರಕ್ತಕಣಗಳ ಉತ್ಪತ್ತಿಯನ್ನು ಹೆಚ್ಚಿಸುತ್ತದೆ, ಮುಟ್ಟಿನಲ್ಲಿ ಕಬ್ಬಿಣದ ಅಂಶ ಹೊರಹೋಗುತ್ತದೆ. ಆದರೆ ಗಂಡಸರಿಗೂ ಮಕ್ಕಳಿಗೂ ಬಡಿಸಿ, ತಳದಲ್ಲಿ ಉಳಿದ ಪಲ್ಯವನ್ನು ರೊಟ್ಟಿಗೆ ಹಚ್ಚಿಕೊಂಡು ಉಣ್ಣುವುದು ಯಾವ ಹಾರ್ಮೋನಿನಿಂದಲೂ ಬಂದದ್ದಲ್ಲ. ಹೆಚ್ಚು ಕಬ್ಬಿಣ ಬೇಕಾದ ದೇಹಕ್ಕೆ ಕಡಿಮೆ ಊಟ ಸಿಗುವುದರಿಂದಲೇ ರೋಗ ಅಷ್ಟು ಬಲವಾಗುತ್ತದೆ. ‘ಎಲ್ಲವೂ ಸಮಾಜ’ ಎಂದು ಹೇಳುವವರು ಮುಟ್ಟನ್ನು ಮರೆತಿರುತ್ತಾರೆ. ‘ಎಲ್ಲವೂ ಪ್ರಕೃತಿ’ ಎಂದು ಹೇಳುವವರು ಪಲ್ಯದ ಪಾತ್ರೆಯನ್ನು ಮರೆತಿರುತ್ತಾರೆ. ಮನೆಯಲ್ಲಿ ಒಂದು ವಾರ ಯಾರು ಯಾವಾಗ ಉಂಡರೆಂದು ಬರೆದು ತರಲು ಮಕ್ಕಳಿಗೆ ಹೇಳಿ, ಆದರೆ ಅದನ್ನು ತರಗತಿಯಲ್ಲಿ ಓದಿಸಬೇಡಿ.

ಈ ಹಂತದಲ್ಲಿ ಎರಡು ತಪ್ಪು ತರ್ಕಗಳು ತಲೆ ಹಾಕುತ್ತವೆ. ಪ್ರಕೃತಿಯಿಂದ ಬಂದದ್ದೆಲ್ಲ ಸರಿ ಎಂಬುದು ಮೊದಲನೆಯದು. ಹೆರಿಗೆಯಲ್ಲಿ ತಾಯಿ ಸಾಯುವುದೂ ಪ್ರಕೃತಿಯೇ ಆಗಿತ್ತು, ನಾವು ಆಸ್ಪತ್ರೆ ಕಟ್ಟಿದೆವು. ಮನುಷ್ಯ ಕಟ್ಟಿದ್ದೆಲ್ಲ ಬರಿಯ ಕಲ್ಪನೆ, ಬೇಕೆಂದಾಗ ಬಿಟ್ಟುಬಿಡಬಹುದು ಎಂಬುದು ಎರಡನೆಯದು. ಜಿಲ್ಲೆಯ ಗಡಿಯನ್ನು ಯಾವ ಹೊಳೆಯೂ ಬೆಟ್ಟವೂ ಹಾಕಿಕೊಟ್ಟಿದ್ದಲ್ಲ. 2021ರಲ್ಲಿ ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಿದಾಗ ಆ ಗೆರೆ ಕಾಗದದ ಮೇಲೆ ಹುಟ್ಟಿತು. ಆದರೂ ಹೊಸಪೇಟೆಯವರು ಅಂದಿನಿಂದ ಜಿಲ್ಲಾಧಿಕಾರಿ ಕಚೇರಿಯ ಕೆಲಸಕ್ಕೆ ಬಳ್ಳಾರಿಗೆ ಹೋಗಬೇಕಾಗಿಲ್ಲ. ಮನುಷ್ಯರು ಕಟ್ಟಿದ್ದಕ್ಕೂ ಇಷ್ಟು ಗಟ್ಟಿತನ ಇರುತ್ತದೆ.

ತನ್ನರಿವಿನ ಕಾಲಂ

ಇದನ್ನು ಕೊನೆಗೆ ಇಟ್ಟುಕೊಳ್ಳಿ, ಅವಸರದಲ್ಲಿ ಮಾಡಬೇಡಿ. ಕೆನಡಾದಲ್ಲಿ 1965ರಲ್ಲಿ ಹುಟ್ಟಿದ ಡೇವಿಡ್ ರೈಮರ್ ಎಂಬ ಗಂಡುಮಗುವಿನ ಜನನಾಂಗ ಸುನ್ನತಿಯ ಸಮಯದ ಅವಘಡದಲ್ಲಿ ಹಾಳಾದಾಗ, ಮನಶ್ಶಾಸ್ತ್ರಜ್ಞ ಜಾನ್ ಮನಿ ಅವರ ಸಲಹೆಯಂತೆ ಆ ಮಗುವನ್ನು ಹೆಣ್ಣಾಗಿ ಬೆಳೆಸಲಾಯಿತು. ಬೆಳೆಸಿದಂತೆ ಲಿಂಗತ್ವ ರೂಪುಗೊಳ್ಳುತ್ತದೆ ಎಂಬುದಕ್ಕೆ ಇದೇ ಪುರಾವೆಯೆಂದು ಹಲವು ವರ್ಷ ಹೇಳಲಾಯಿತು. ಆದರೆ ಮಗು ಆ ಬೆಳವಣಿಗೆಗೆ ಒಗ್ಗಲೇ ಇಲ್ಲ. ಹದಿಹರೆಯದಲ್ಲಿ ನಿಜ ತಿಳಿದ ಮೇಲೆ ಗಂಡಾಗಿಯೇ ಬಾಳತೊಡಗಿತು. ಒಂದು ಪ್ರಕರಣದಿಂದ ಸಿದ್ಧಾಂತ ಕಟ್ಟಲಾಗದು. ಆದರೆ ಒಳಗಿನ ಅರಿವನ್ನು ಹೊರಗಿನಿಂದ ಬರೆಯಬಹುದೆಂಬ ನಂಬಿಕೆಗೆ ಅದು ದೊಡ್ಡ ಪೆಟ್ಟು.

ನಮ್ಮ ನೆಲದ ಉದಾಹರಣೆ ಇದಕ್ಕಿಂತ ಆಳವಾದದ್ದು. ಬಳ್ಳಾರಿ ಸೀಮೆಯಲ್ಲಿ ಗಂಡುಮಗುವಾಗಿ ಹುಟ್ಟಿದ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರು, ತಮ್ಮ ಹೆಣ್ಣು ನಡೆಯನ್ನು ಬಿಡಿಸಲು ಮನೆಯವರು ಕಟ್ಟಿ ಬಡಿದದ್ದನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಅವರಿಗೆ ಹೆಣ್ತನವನ್ನು ಯಾರೂ ಕಲಿಸಿರಲಿಲ್ಲ, ಎಲ್ಲರೂ ಬಿಡಿಸಲು ನೋಡಿದವರೇ. ಆದರೆ ಕೊಪ್ಪಳ ಜಿಲ್ಲೆಯ ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ ದೇವಿಗೆ ಮೀಸಲೆಂಬ ಗುರುತಿಗೆ ಮುತ್ತು ಕಟ್ಟಿಸಿಕೊಳ್ಳುವುದು, ಸೀರೆ ಉಡುವುದು, ತಲೆಯ ಮೇಲೆ ಕೊಡ ಹೊತ್ತು ಚೌಡಿಕೆ ಎಂಬ ತಂತಿವಾದ್ಯದ ಹಾಡಿಗೆ ಕುಣಿಯುವುದು, ಇವೆಲ್ಲ ಈ ಸೀಮೆ ತಲೆತಲಾಂತರದಿಂದ, ಗಂಡಾಗಿ ಹುಟ್ಟಿ ದೇವಿಯ ಹೆಸರಿನಲ್ಲಿ ಹೆಣ್ಣಾಗಿ ಬಾಳುವ ಜೋಗಪ್ಪಂದಿರಿಗಾಗಿ ಉಳಿಸಿಕೊಂಡು ಬಂದ ಕಟ್ಟಳೆ. ಅದೇ ಒಳಗುದಿ ಹೊತ್ತು ಬೇರೆ ನಾಡಿನಲ್ಲಿ ಹುಟ್ಟಿದವರಿಗೆ ಈ ಚೌಡಿಕೆಯೂ ಇರುವುದಿಲ್ಲ, ಈ ಗುಡಿಯೂ ಇರುವುದಿಲ್ಲ. ಆ ಕಟ್ಟಳೆ ಒಂದು ನೆಲೆಯನ್ನು ಕೊಟ್ಟಿತು, ಅದರ ಜೊತೆಗೆ ಭಿಕ್ಷೆಯ ಜೋಳಿಗೆಯನ್ನೂ ಕೊಟ್ಟಿತು ಎಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು. ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಇದಕ್ಕೆಲ್ಲ ಮೂಲ ಯಾವ ಜೀನಿನಲ್ಲಿದೆ ಎಂದು ಮಕ್ಕಳು ಕೇಳುತ್ತಾರೆ. ಒಬ್ಬರ ತನ್ನರಿವನ್ನು ಹೇಳಬಲ್ಲ ರಕ್ತಪರೀಕ್ಷೆಯಾಗಲಿ ಮೆದುಳಿನ ಸ್ಕ್ಯಾನ್ ಆಗಲಿ ಇಲ್ಲವೆಂದು ನೇರವಾಗಿ ಉತ್ತರಿಸಿ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ತೀರ್ಪು ಕೊಟ್ಟಾಗ ಪರೀಕ್ಷೆಯ ವರದಿಯನ್ನು ಕೇಳಲಿಲ್ಲ. ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಹುಟ್ಟಿನ ದೇಹಕ್ಕೂ ತನ್ನರಿವಿಗೂ ಹೊಂದದಿರುವುದು ಕಾಯಿಲೆಯೇ ಎಂದು ಕೇಳಿದರೆ, ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತೆಗೆಯಲಾಗಿದೆ ಎಂದು ತಿಳಿಸಿ.

ತರಗತಿ ಮುಗಿದ ಮೇಲೆ ಯಾರಾದರೂ ಒಬ್ಬರು ಬಾಗಿಲ ಬಳಿ ನಿಂತಿರಬಹುದು. ನೀವಾಗಿ ಏನನ್ನೂ ಕೇಳಬೇಡಿ. ಹಾಜರಿ ಪುಸ್ತಕ ಜೋಡಿಸಿಕೊಳ್ಳುತ್ತ ಸ್ವಲ್ಪ ತಡಮಾಡಿ. ಮಾತಾಡಿದರೆ ಕೊನೆಯವರೆಗೂ ಕೇಳಿಸಿಕೊಳ್ಳಿ, ಅವರ ಒಪ್ಪಿಗೆಯಿಲ್ಲದೆ ಮನೆಗೂ ಸಹೋದ್ಯೋಗಿಗಳಿಗೂ ಅದನ್ನು ಹೇಳಬೇಡಿ, ಯಾವ ಹೆಸರಿನಿಂದ ಕರೆಯಬೇಕೆಂದು ಅವರನ್ನೇ ಕೇಳಿ. ಹಿಂದಿನ ಬೆಂಚಿನ ಆ ವಿದ್ಯಾರ್ಥಿ ನನ್ನ ಬಳಿ ಮಾತಾಡಲು ಬಂದದ್ದು ಪರೀಕ್ಷೆಗಳೆಲ್ಲ ಮುಗಿದು, ವರ್ಗಾವಣೆ ಪತ್ರ ಪಡೆಯುವ ದಿನ.