ಮನೆ ಆರೈಕೆ ಚೆನ್ನಾಗಿದೆಯಾ? ಅಳೆಯುವುದು ಹೀಗೆ

ಲಕ್ವ ಹೊಡೆದು ಮಲಗಿದ ಅಪ್ಪನಿಗೆ ಹೋಮ್ ನರ್ಸ್ ಇಟ್ಟಿದ್ದೀರಿ. ಅದೇ ಕಾಯಿಲೆಯ ಪಕ್ಕದ ಮನೆ ಅಜ್ಜಿ ಬೇರೆ ಏಜೆನ್ಸಿಯವರ ಆರೈಕೆಯಲ್ಲಿ ಆಗಲೇ ಓಡಾಡುತ್ತಿದ್ದಾರೆ. ನಮ್ಮ ಏಜೆನ್ಸಿ ಸರಿಯಿಲ್ಲ ಅನಿಸುವುದು ಸಹಜ. ಆದರೆ ಅಜ್ಜಿಗೆ ಮೊದಲಿನಿಂದಲೂ ಒಂದು ಕೈಯಷ್ಟೇ ಸೋತಿದ್ದರೆ? ಹೋಲಿಸಿದ್ದೇ ತಪ್ಪಾಗುತ್ತದೆ, ಅಲ್ವಾ?

ಅದಕ್ಕೇ ಆರೈಕೆ ಶುರುವಾದ ದಿನದ ಸ್ಥಿತಿಯನ್ನು ಮೊದಲು ಬರೆದಿಡಿ. ಇದಕ್ಕೆ 1965ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚ್ಯಂಕವಿದೆ. ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ನಡಿಗೆ, ಮೆಟ್ಟಿಲು ಹೀಗೆ 10 ವಿಷಯ, ಒಟ್ಟು 100 ಅಂಕ. ತಾವೇ ಊಟ ಮಾಡಿದರೆ 10, ನೆರವು ಬೇಕಿದ್ದರೆ 5, ಪೂರ್ತಿ ತಿನ್ನಿಸಬೇಕಿದ್ದರೆ 0. ತಿಂಗಳಿಗೊಮ್ಮೆ ಮತ್ತೆ ಅಂಕ ಹಾಕಿ. ಅಪ್ಪ 30ರಿಂದ 45ಕ್ಕೆ ಏರಿದರೆ ಅದು ಸುಧಾರಣೆಯೇ, ಅಜ್ಜಿಯದು 90 ಇದ್ದರೂ ಸರಿ. ಲಕ್ವದ ನಂತರದ ಮೊದಲ ತಿಂಗಳುಗಳಲ್ಲಿ ಚೇತರಿಕೆ ಹೇಗೂ ಜಾಸ್ತಿ. ಆ ಏರಿಕೆಯನ್ನೆಲ್ಲ ಏಜೆನ್ಸಿಯ ಲೆಕ್ಕಕ್ಕೆ ಬರೆಯಬೇಡಿ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೂಡ ಮನೆ ಆರೈಕೆ ಸಂಸ್ಥೆಗಳಿಗೆ ಸ್ಟಾರ್ ಕೊಡುವಾಗ ರೋಗಿಗಳ ಆರಂಭದ ಸ್ಥಿತಿ ನೋಡಿಯೇ ತೂಗುತ್ತದೆ.

ತೀರಾ ವಯಸ್ಸಾದವರು, ಮರೆವಿನ ಕಾಯಿಲೆಯವರಲ್ಲಿ ಅಂಕ ಏರದೇ ಇರಬಹುದು. ಅಂಥಲ್ಲಿ ಚರ್ಮ ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ನಂಬಬಹುದಾದ ಸಾಕ್ಷಿ ಇಲ್ಲ. ಮೈ ಒರೆಸುವಾಗ ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ ಪರೀಕ್ಷಿಸಿ. ಕೆಂಪಗಿದ್ದರೆ ಬೆರಳಿಂದ ಒತ್ತಿ ನೋಡಿ. ಒತ್ತಿದ ಜಾಗ ಬಿಳಿಚದೆ ಕೆಂಪಗೇ ಉಳಿದರೆ ಬೆಡ್ ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಒತ್ತಡದಿಂದ ಆಗುವ ಹುಣ್ಣು, ಶುರುವಾಗಿದೆ ಅಂತ. ಮೈಬಣ್ಣ ಕಪ್ಪಿದ್ದರೆ ಕೆಂಪು ಕಾಣದೇ ಹೋಗಬಹುದು. ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಎಂದು ಮುಟ್ಟಿ ನೋಡಿ. ಅನುಮಾನ ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಆಮೇಲೆ ಕಾರಣ ಹುಡುಕಿ. ಮಗ್ಗುಲು ಬದಲಿಸಿದ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಬದಲಿಸಬೇಕು. ಹಗಲಿನ ಸಾಲು ತುಂಬಿದ್ದು ರಾತ್ರಿಯದು ಖಾಲಿಯಿದ್ದರೆ, ಸುಮ್ನೆ ಬೈಯಬೇಡಿ. ಅವರೊಬ್ಬರೇ 24 ಗಂಟೆ ದುಡಿಯುತ್ತಿದ್ದಾರಾ, ವಿಚಾರಿಸಿ. ಭಾರದ ರೋಗಿಯನ್ನು ಒಬ್ಬರೇ ಹೊರಳಿಸುವುದೂ ಕಷ್ಟ. ಒತ್ತಡ ತಗ್ಗಿಸುವ ಗಾಳಿ ಹಾಸಿಗೆ (ಏರ್ ಬೆಡ್) ತರಿಸದೆ ಉಳಿದವರು ಮನೆಯವರೇ ಆಗಿರಬಹುದು. ವಾರವಾರ ಹೊಸಬರನ್ನು ಕಳಿಸುತ್ತಿದ್ದರೆ ಅದು ಏಜೆನ್ಸಿಯ ತಪ್ಪೇ.

ಏಜೆನ್ಸಿ ಬದಲಿಸುವ ಮುಂಚೆ ಆ ನೋಟ್‌ಬುಕ್ಕನ್ನು ಅವರ ಮೇಲ್ವಿಚಾರಕರ ಮುಂದಿಟ್ಟು ಮಾತಾಡಿ. ಹೊಸ ಏಜೆನ್ಸಿಯವರನ್ನು ದರದ ಜೊತೆಗೆ ಇದನ್ನೂ ಕೇಳಿ: ಬರುವವರು ರಜೆ ಹಾಕಿದರೆ ಬದಲಿ ಯಾರು? ಟ್ಯೂಬ್ ಊಟ, ಇಂಜೆಕ್ಷನ್ ಇದ್ದರೆ ಬರುವ ನರ್ಸಿನ ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ ಕೇಳಿ ನೋಡಿ.